ಕಡಲಾಳ ನೋಡಿಬಂದ ಮಗುವಿನ ಜೊತೆ ಕೂತು ಮಾತಾಡಿ

ವಿಜ್ಞಾನ ಮೇಳಗಳಲ್ಲಿ, ಕೆಲವು ಶಾಲೆಗಳ ಪ್ರಯೋಗಾಲಯಗಳಲ್ಲಿ, ಮಾಲ್‌ಗಳ ಆಟದ ಅಂಗಳಗಳಲ್ಲಿ ಈಗ ವಿಆರ್ ಕನ್ನಡಕ ಕಾಣಸಿಗುತ್ತದೆ. ವಿಆರ್ ಎಂದರೆ ವರ್ಚುವಲ್ ರಿಯಾಲಿಟಿ. ಅದನ್ನು ಹಾಕಿಕೊಂಡ ಮಗು ಗ್ರೀನ್‌ಲ್ಯಾಂಡಿನ ಹಿಮನದಿಯ ಅಂಚಿನಲ್ಲಿ ನಿಲ್ಲಬಹುದು, ಹವಳದ ದಿಬ್ಬಗಳ ನಡುವೆ ಈಜಬಹುದು, ಅಮೆಜಾನ್ ಕಾಡಿನ ಮರವೊಂದರ ನೆತ್ತಿಗೇರಬಹುದು. ಹವಾಮಾನ ಬದಲಾವಣೆಯ ಪಾಠಕ್ಕೆ ಈ ಸಾಧನವನ್ನು ಬಳಸುವ ಪ್ರಯತ್ನ ಹತ್ತು ವರ್ಷಗಳಿಂದಲೂ ನಡೆದಿದೆ. ‘ಇದರಿಂದ ಮಗು ನಿಜಕ್ಕೂ ಕಲಿಯುತ್ತದೆಯೇ? ಕಣ್ಣಿಗೆ, ಮನಸ್ಸಿಗೆ ತೊಂದರೆಯಾಗದೇ?’ ಎಂದು ಪೋಷಕರು ಕೇಳುವುದು ಸಹಜ.

ಎರಡೂ ನ್ಯಾಯವಾದ ಪ್ರಶ್ನೆಗಳು. ಎರಡಕ್ಕೂ ಸಂಶೋಧನೆಯಲ್ಲಿ ತಕ್ಕಮಟ್ಟಿಗೆ ಉತ್ತರವಿದೆ. ಚಿಕ್ಕದಾಗಿ ಹೇಳುವುದಾದರೆ, ವಿಆರ್ ಮಗುವಿನ ಆಸಕ್ತಿಯನ್ನು ಕೆರಳಿಸಬಲ್ಲದು. ಆ ಆಸಕ್ತಿ ತಿಳಿವಳಿಕೆಯಾಗಿ, ಮುಂದೆ ಧೈರ್ಯವಾಗಿ ಬೆಳೆಯಲು ಕನ್ನಡಕ ತೆಗೆದ ಮೇಲೆ ಪಕ್ಕದಲ್ಲಿ ಒಬ್ಬ ದೊಡ್ಡವರು ಬೇಕು. ಆ ದೊಡ್ಡವರು ನೀವೇ ಆಗಬಹುದು. ಅದಕ್ಕೆ ತಂತ್ರಜ್ಞಾನ ಗೊತ್ತಿರಬೇಕೆಂದೇನಿಲ್ಲ.

ಕಾಣದ್ದನ್ನು ಕಾಣಿಸುವ ಸಾಧನ

ಹವಾಮಾನ ಬದಲಾವಣೆಯನ್ನು ಮಕ್ಕಳಿಗೆ ವಿವರಿಸುವುದು ಕಷ್ಟ. ಕೈಗಾರಿಕಾ ಯುಗಕ್ಕೆ ಮುಂಚೆ ಗಾಳಿಯ ಪ್ರತಿ ಹತ್ತು ಲಕ್ಷ ಅಣುಗಳಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 280ರಷ್ಟಿತ್ತು. ಈಗ 420 ದಾಟಿದೆ. ಭೂಮಿಯ ಬಿಸಿಯೇರಿಸುವ ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದರ ಪರಿಣಾಮ ಒಂದು ದಿನದಲ್ಲಿ ಕಾಣುವಂಥದ್ದಲ್ಲ, ದಶಕಗಳಲ್ಲಿ ಹರಡಿಕೊಂಡಿದ್ದು. ಹೊಗೆ ಉಗುಳಿದ್ದು ಒಂದೂರಿನಲ್ಲಿ, ಮಂಜು ಕರಗುವುದು ಇನ್ನೆಲ್ಲೋ. ಹೀಗೆ ಕಾಲದಲ್ಲೂ ಜಾಗದಲ್ಲೂ ದೂರವಿರುವ ಸಂಗತಿಯನ್ನು ಮನುಷ್ಯನ ಮನಸ್ಸು ‘ಆಮೇಲೆ ನೋಡೋಣ’ ಎಂದು ಬದಿಗಿಡುತ್ತದೆ. ದೊಡ್ಡವರೇ ಹಾಗಿರುವಾಗ ಹನ್ನೆರಡು ವರ್ಷದ ಮಗು ಬೇರೆ ಹೇಗಿರಲು ಸಾಧ್ಯ?

ವಿಆರ್ ನೆರವಾಗುವುದು ಇಲ್ಲೇ. ಕನ್ನಡಕದ ಒಳಗೆ ಎರಡೂ ಕಣ್ಣುಗಳಿಗೆ ಸ್ವಲ್ಪ ಬೇರೆಬೇರೆ ಚಿತ್ರ ಕಾಣಿಸುತ್ತದೆ. ಮಿದುಳು ಅವನ್ನು ಸೇರಿಸಿಕೊಂಡು ಆಳವಿರುವ ದೃಶ್ಯ ಕಟ್ಟಿಕೊಳ್ಳುತ್ತದೆ. ತಲೆ ಹೊರಳಿಸಿದತ್ತ ದೃಶ್ಯವೂ ಹೊರಳುತ್ತದೆ. ಸುತ್ತಲಿನ ಕೋಣೆ ಮರೆಯಾಗಿ ‘ನಾನು ಇಲ್ಲೇ ಇದ್ದೇನೆ’ ಎಂಬ ಭಾವ ಮೂಡುತ್ತದೆ. ನೂರು ವರ್ಷದ ಬದಲಾವಣೆಯನ್ನು ಕೆಲವು ನಿಮಿಷಗಳಿಗೆ ಇಳಿಸಬಹುದು, ಕಣ್ಣಿಗೆ ಕಾಣದ ಅನಿಲದ ಅಣುವನ್ನು ಕೈಯಲ್ಲಿ ಹಿಡಿಯುವ ಚೆಂಡಿನಷ್ಟು ಮಾಡಬಹುದು. ದೂರ ಕುಗ್ಗುತ್ತದೆ, ಕಾಲ ಕುಗ್ಗುತ್ತದೆ.

ಇಂಥ ಚಿತ್ರಗಳು ಬೇಕಾದಷ್ಟು ಬಂದಿವೆ. 2017ರ ‘ಗ್ರೀನ್‌ಲ್ಯಾಂಡ್ ಮೆಲ್ಟಿಂಗ್’ ಹಿಮನದಿಗಳು ಕರಗುವ ಬಗೆಯನ್ನು ನೋಡುಗರನ್ನು ವಿಜ್ಞಾನಿಗಳ ಜೊತೆ ನಿಲ್ಲಿಸಿ ತೋರಿಸುತ್ತದೆ. ಅದೇ ವರ್ಷದ ‘ಟ್ರೀ’ಯಲ್ಲಿ ನೋಡುಗ ಮಳೆಕಾಡಿನ ಮರವಾಗಿ ಬೆಳೆಯುತ್ತಾನೆ. ಭಾರತದಲ್ಲೂ ಫೈಜಾ ಅಹ್ಮದ್ ಖಾನ್ ಅವರ ‘ಕಾಸ್ಟ್ ಆಫ್ ಕೋಲ್’ ಎಂಬ ವಿಆರ್ ಸಾಕ್ಷ್ಯಚಿತ್ರ ಛತ್ತೀಸಗಢದ ಕೊರ್ಬಾದ ಕಲ್ಲಿದ್ದಲು ಗಣಿಗಳ ಸುತ್ತಲಿನ ಬದುಕನ್ನು ತೋರಿಸಿದೆ. ನಮ್ಮ ಮನೆಯ ದೀಪಕ್ಕೂ ಯಾರದೋ ಊರಿನ ಧೂಳಿಗೂ ನಂಟಿದೆ ಎಂದು ಹದಿಹರೆಯದವರಿಗೆ ಮನಗಾಣಿಸಲು ಇಂಥದ್ದು ಒಳ್ಳೆಯ ಆಧಾರ.

ಸ್ಟ್ಯಾನ್‌ಫರ್ಡ್‌ನ ಹವಳದ ಪಾಠ

ಹೆಚ್ಚು ಅಧ್ಯಯನಕ್ಕೆ ಒಳಗಾದ ಒಂದು ಉದಾಹರಣೆಯನ್ನು ಸ್ವಲ್ಪ ವಿವರವಾಗಿ ನೋಡೋಣ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಜೆರೆಮಿ ಬೇಲೆನ್ಸನ್ ನಡೆಸುವ ಪ್ರಯೋಗಾಲಯ, ಕಡಲಜೀವಿ ತಜ್ಞರ ಜೊತೆ ಸೇರಿ ಸಮುದ್ರದ ಆಮ್ಲೀಕರಣದ ಬಗ್ಗೆ ಒಂದು ವಿಆರ್ ಪಾಠ ಸಿದ್ಧಪಡಿಸಿ 2016ರಲ್ಲಿ ಉಚಿತವಾಗಿ ಬಿಡುಗಡೆ ಮಾಡಿತು.

ಪಾಠ ಆರಂಭವಾಗುವುದು ನಗರದ ಬೀದಿಯಲ್ಲಿ, ಕಾರಿನ ಹೊಗೆಕೊಳವೆಯ ಬಳಿ. ಅಲ್ಲಿಂದ ಹೊರಟ ಇಂಗಾಲದ ಡೈಆಕ್ಸೈಡ್ ಅಣುವಿನ ಬೆನ್ನುಹತ್ತಿ ಮಗು ಕಡಲಿಗೆ ಬರುತ್ತದೆ, ಅಣು ನೀರಿನಲ್ಲಿ ಸೇರುವುದನ್ನು ನೋಡುತ್ತದೆ. ಆಮೇಲೆ ಕಡಲ ತಳಕ್ಕೆ. ಆ ತಳ ಕಲ್ಪನೆಯದಲ್ಲ. ಇಟಲಿಯ ಇಸ್ಕಿಯಾ ದ್ವೀಪದ ಹತ್ತಿರದ್ದು. ಅದು ಜ್ವಾಲಾಮುಖಿಯ ನೆಲ. ಕಡಲತಳದ ಬಿರುಕುಗಳಿಂದ ಇಂಗಾಲದ ಡೈಆಕ್ಸೈಡ್ ಗುಳ್ಳೆಗಳು ತಾವಾಗಿಯೇ ಏಳುತ್ತಿರುತ್ತವೆ. ಗುಳ್ಳೆಯಿಲ್ಲದ ಕಡೆ ಜೀವಿಗಳ ಸಂತೆ; ಗುಳ್ಳೆ ದಟ್ಟವಾಗಿರುವ ಕಡೆ ಚಿಪ್ಪಿನ ಜೀವಿಗಳು ವಿರಳ. ಮುಂದಿನ ಕಡಲು ಹೇಗಿರಬಹುದೆಂದು ವಿಜ್ಞಾನಿಗಳು ಅಧ್ಯಯನ ಮಾಡುವುದು ಇಂಥ ಜಾಗಗಳಲ್ಲೇ. ಮಗು ಎರಡೂ ಕಡೆ ಬಸವನಹುಳುಗಳನ್ನು ಹುಡುಕಿ ವ್ಯತ್ಯಾಸವನ್ನು ತಾನೇ ಕಂಡುಕೊಳ್ಳುತ್ತದೆ.

ಹಿಂದಿರುವ ವಿಜ್ಞಾನ ಪೋಷಕರಿಗೂ ಗೊತ್ತಿದ್ದರೆ ಒಳ್ಳೆಯದು, ಏಕೆಂದರೆ ಮಗು ಕೇಳುವುದು ನಿಮ್ಮನ್ನೇ. ಮನುಷ್ಯರು ಹೊರಬಿಡುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಸುಮಾರು ಕಾಲುಭಾಗವನ್ನು ಕಡಲು ಹೀರಿಕೊಳ್ಳುತ್ತದೆ. ಅದು ನೀರಿನೊಂದಿಗೆ ಸೇರಿ ಕಾರ್ಬಾನಿಕ್ ಆಮ್ಲವಾಗುತ್ತದೆ, ಆಮ್ಲದಿಂದ ಹೈಡ್ರೋಜನ್ ಅಯಾನುಗಳು ಬಿಡುಗಡೆಯಾಗುತ್ತವೆ. ಹವಳ, ಸಿಂಪಿ, ಕಪ್ಪೆಚಿಪ್ಪುಗಳು ತಮ್ಮ ಗಟ್ಟಿ ಕವಚ ಕಟ್ಟಿಕೊಳ್ಳಲು ಬೇಕಾದ ಕಾರ್ಬೊನೇಟ್‌ಗೆ ಈ ಅಯಾನುಗಳು ಅಂಟಿಕೊಂಡು ಅದರ ಕೊರತೆ ಉಂಟುಮಾಡುತ್ತವೆ. ಕೈಗಾರಿಕಾ ಯುಗಕ್ಕೆ ಮುಂಚೆ ಕಡಲ ಮೇಲ್ಪದರದ ಪಿಎಚ್ (ಆಮ್ಲತೆಯ ಅಳತೆ) ಸುಮಾರು 8.2 ಇತ್ತು; ಈಗ 8.1ರ ಆಸುಪಾಸಿನಲ್ಲಿದೆ. ಅಂಕಿ ಸಣ್ಣದು. ಆದರೆ ಪಿಎಚ್ ಅಳತೆಯಲ್ಲಿ ಒಂದು ಅಂಕ ಇಳಿದರೆ ಆಮ್ಲತೆ ಹತ್ತುಪಟ್ಟು ಏರುತ್ತದೆ, ಹಾಗಾಗಿ ಈ 0.1ರ ಇಳಿಕೆ ಎಂದರೆ ಹೈಡ್ರೋಜನ್ ಅಯಾನುಗಳು ಶೇ 26ರಷ್ಟು ಹೆಚ್ಚಾದಂತೆ.

ಈ ಪಾಠದ ಬಗ್ಗೆ ಅದೇ ತಂಡ 2018ರಲ್ಲಿ ಪ್ರಕಟಿಸಿದ ನಾಲ್ಕು ಅಧ್ಯಯನಗಳಲ್ಲಿ ಪ್ರೌಢಶಾಲೆಯ ಮಕ್ಕಳಿಂದ ವಯಸ್ಕರವರೆಗೆ 270ಕ್ಕೂ ಹೆಚ್ಚು ಜನ ಪಾಲ್ಗೊಂಡಿದ್ದರು. ನೋಡಿದವರ ತಿಳಿವಳಿಕೆ ಅಥವಾ ಕುತೂಹಲ ಹೆಚ್ಚಾಯಿತು. ಪರಿಸರದ ಬಗೆಗಿನ ಧೋರಣೆ ಕೆಲವು ಸಂದರ್ಭಗಳಲ್ಲಷ್ಟೇ ಬದಲಾಯಿತು. ಗಮನಿಸಬೇಕಾದ ಇನ್ನೊಂದು ಸಂಗತಿ: ಆ ಕಡಲತಳದಲ್ಲಿ ಹೆಚ್ಚು ಓಡಾಡಿ ಹುಡುಕಾಡಿದವರೇ ಹೆಚ್ಚು ಕಲಿತರು. ಸುಮ್ಮನೆ ನಿಂತು ನೋಡಿದವರಿಗೆ ಅಷ್ಟು ಲಾಭವಾಗಲಿಲ್ಲ.

ನಡವಳಿಕೆಯ ಮೇಲೂ ಪರಿಣಾಮ ಕಂಡ ಪ್ರಯೋಗವೊಂದಿದೆ. ಬೇಲೆನ್ಸನ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ್ದು. ಒಂದು ಗುಂಪು ವಿಆರ್‌ನಲ್ಲಿ ಗರಗಸ ಹಿಡಿದು ಮರ ಕಡಿಯಿತು, ಇನ್ನೊಂದು ಗುಂಪು ಮರ ಕಡಿಯುವ ವಿವರಣೆಯನ್ನು ಓದಿತು. ಆಮೇಲೆ ಬೇಕೆಂದೇ ನೀರು ಚೆಲ್ಲಿ ಒರೆಸಲು ಕಾಗದದ ಕರವಸ್ತ್ರ ಕೊಟ್ಟಾಗ ಮರ ಕಡಿದವರು ಬಳಸಿದ್ದು ಶೇ 20ರಷ್ಟು ಕಡಿಮೆ. ಇದು ಪ್ರಯೋಗವಾದ ಕೂಡಲೇ ಕಂಡ ಪರಿಣಾಮ. ಒಂದು ಸಲ ಕನ್ನಡಕ ಹಾಕಿದ್ದಕ್ಕೆ ವರ್ಷಗಟ್ಟಲೆ ಅಭ್ಯಾಸ ಬದಲಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಕಾಗಿಲ್ಲ.

ನೋಡಿದ್ದೆಲ್ಲ ಕಲಿಕೆಯಲ್ಲ

ವಿಆರ್ ಬಂದ ಕೂಡಲೇ ಪಾಠ ತಲೆಗೆ ಹತ್ತುತ್ತದೆ ಎಂಬ ಭರವಸೆಯನ್ನು ಮಾರುವವರಿದ್ದಾರೆ. ಸಂಶೋಧನೆ ಅಷ್ಟು ಸರಳವಾಗಿ ಮಾತಾಡುವುದಿಲ್ಲ.

ಡೆನ್ಮಾರ್ಕಿನ ಗೀಡೊ ಮಕ್ರಾನ್‌ಸ್ಕಿ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಿಜ್ಞಾನ ಪ್ರಯೋಗವನ್ನು ವಿಆರ್‌ನಲ್ಲಿ ಮಾಡಿದವರಿಗೆ ‘ಅಲ್ಲೇ ಇದ್ದೆ’ ಎಂಬ ಅನುಭವ ಹೆಚ್ಚಾಗಿತ್ತು. ಕಲಿತದ್ದು ಮಾತ್ರ ಸಾಮಾನ್ಯ ಪರದೆಯಲ್ಲಿ ಮಾಡಿದವರಿಗಿಂತ ಕಡಿಮೆ. ಸುತ್ತಲೂ ನೋಡಲು ಇಷ್ಟೊಂದಿರುವಾಗ ಮನಸ್ಸು ಎಲ್ಲವನ್ನೂ ಒಟ್ಟಿಗೆ ಹಿಡಿದಿಡಲಾರದು. ಅದೇ ಮಕ್ರಾನ್‌ಸ್ಕಿ, ಅಮೆರಿಕದ ರಿಚರ್ಡ್ ಮೇಯರ್ ಜೊತೆ 2022ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ ಬೇರೆ ಫಲಿತಾಂಶ ಕೊಟ್ಟಿತು. ಮಾಧ್ಯಮಿಕ ಶಾಲೆಯ 102 ಮಕ್ಕಳು ಹವಾಮಾನ ಬದಲಾವಣೆ ತಿಳಿಯಲು ಗ್ರೀನ್‌ಲ್ಯಾಂಡಿನ ‘ಪ್ರವಾಸ’ ಮಾಡಿದರು, ಕೆಲವರು ವಿಆರ್ ಕನ್ನಡಕದಲ್ಲಿ, ಕೆಲವರು ಮಾಮೂಲಿ ಪರದೆಯಲ್ಲಿ. ಕನ್ನಡಕ ಹಾಕಿದವರಿಗೆ ಆಸಕ್ತಿ ಹೆಚ್ಚಾಯಿತು, ದಿನಗಳ ನಂತರ ಕೇಳಿದಾಗಲೂ ವಿಷಯ ಹೆಚ್ಚು ನೆನಪಿತ್ತು.

ಎರಡನ್ನೂ ಜೊತೆಗಿಟ್ಟು ನೋಡಿದರೆ ಹಾದಿ ಕಾಣುತ್ತದೆ. ಹೋಗಲಾಗದ ಜಾಗಕ್ಕೆ ಕರೆದೊಯ್ಯಲು, ಆ ಜಾಗದ ಅನುಭವ ಕೊಡಲು ವಿಆರ್ ಸಮರ್ಥ. ಸೂತ್ರ, ಲೆಕ್ಕ, ಕಾರಣಗಳ ಸರಪಳಿ ಇವುಗಳಿಗೆ ಪುಸ್ತಕ, ಕಪ್ಪುಹಲಗೆ, ಮಾತುಕತೆಯೇ ಮೇಲು. ಊಟದಲ್ಲಿ ಉಪ್ಪಿನಕಾಯಿಗೆ ಇರುವ ಜಾಗವೇ ಪಾಠದಲ್ಲಿ ವಿಆರ್‌ಗೆ: ರುಚಿ ಏರಿಸುತ್ತದೆ, ಹೊಟ್ಟೆ ತುಂಬಿಸುವುದು ಅನ್ನವೇ.

ಪೋಷಕರಿಗೆ ನೇರವಾಗಿ ಬಳಕೆಗೆ ಬರುವುದು ಮೂರನೆಯ ಅಧ್ಯಯನ. ಜೋಸೆಲಿನ್ ಪರಾಂಗ್ ಮತ್ತು ಮೇಯರ್ 2018ರಲ್ಲಿ ಜೀವಶಾಸ್ತ್ರದ ಪಾಠವೊಂದನ್ನು ವಿಆರ್‌ನಲ್ಲೂ ಸರಳ ಸ್ಲೈಡ್‌ಗಳಲ್ಲೂ ಕಲಿಸಿ ಹೋಲಿಸಿದರು. ಸ್ಲೈಡ್ ನೋಡಿದವರೇ ಹೆಚ್ಚು ಕಲಿತಿದ್ದರು. ಆದರೆ ವಿಆರ್ ಪಾಠವನ್ನು ತುಂಡುತುಂಡಾಗಿ ತೋರಿಸಿ, ಪ್ರತಿ ತುಂಡಿನ ನಂತರ ‘ನೋಡಿದ್ದನ್ನು ನಿನ್ನ ಮಾತಿನಲ್ಲಿ ಬರೆ’ ಎಂದಾಗ ವಿಆರ್‌ನ ಕಲಿಕೆ ಸುಧಾರಿಸಿತು. ನಿಲ್ಲಿಸಿ ಕೇಳುವುದು, ಹೇಳಿಸುವುದು, ಬರೆಸುವುದು ಯಾವ ಮನೆಯಲ್ಲೂ ಸಾಧ್ಯ.

ಯಾವ ವಯಸ್ಸಿಗೆ ಸರಿ?

ತಯಾರಕರೇ ವಯಸ್ಸಿನ ಮಿತಿ ಹೇಳುತ್ತಾರೆ. ಮೆಟಾ ಕಂಪನಿಯ ಕ್ವೆಸ್ಟ್ ಕನ್ನಡಕಕ್ಕೆ ಮೊದಲು 13 ವರ್ಷವೆಂಬ ಮಿತಿಯಿತ್ತು. 2023ರಲ್ಲಿ ಪೋಷಕರೇ ನಿರ್ವಹಿಸುವ ಖಾತೆಯಿದ್ದರೆ 10 ವರ್ಷದಿಂದ ಬಳಸಬಹುದೆಂದು ಇಳಿಸಿತು. ಸೋನಿಯ ಪ್ಲೇಸ್ಟೇಷನ್ ವಿಆರ್2 12 ವರ್ಷದೊಳಗಿನವರಿಗೆ ಅಲ್ಲ. ಆಪಲ್‌ನ ವಿಷನ್ ಪ್ರೊಗೆ 13ರ ಮಿತಿಯಿದೆ.

ಕಂಪನಿಯ ಮಿತಿಗಿಂತ ಮುಖ್ಯವಾದ ಕಾರಣ ಮಗುವಿನ ಮನಸ್ಸಿನ ಬೆಳವಣಿಗೆಯಲ್ಲಿದೆ. 2009ರಲ್ಲಿ ಪ್ರಕಟವಾದ ಸ್ಟ್ಯಾನ್‌ಫರ್ಡ್‌ನ ಅಧ್ಯಯನವೊಂದರಲ್ಲಿ, ತಾವು ತಿಮಿಂಗಿಲಗಳ ಜೊತೆ ಈಜುವ ದೃಶ್ಯವನ್ನು ಪ್ರಾಥಮಿಕ ಶಾಲೆಯ ಮಕ್ಕಳು ವಿಆರ್‌ನಲ್ಲಿ ನೋಡಿದ್ದರು. ಕೆಲವು ದಿನಗಳ ನಂತರ ಕೇಳಿದಾಗ ಅವರಲ್ಲಿ ಅನೇಕರು ಅದು ನಿಜವಾಗಿ ನಡೆದದ್ದೆಂದೇ ನಂಬಿದ್ದರು. ನಾಲ್ಕರಿಂದ ಆರು ವರ್ಷದ ಮಕ್ಕಳೊಂದಿಗೆ ಜ್ಯಾಕಿ ಬೈಲಿ ಮತ್ತು ಸಂಗಡಿಗರು ನಡೆಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ‘ಸೆಸಮಿ ಸ್ಟ್ರೀಟ್’ ಎಂಬ ಮಕ್ಕಳ ಟಿವಿ ಕಾರ್ಯಕ್ರಮದ ಗ್ರೋವರ್ ಗೊಂಬೆ ವಿಆರ್‌ನಲ್ಲಿ ಎದುರಾದಾಗ ಮಕ್ಕಳಿಗೆ ತಮ್ಮನ್ನು ತಾವು ತಡೆದುಕೊಳ್ಳುವುದು ಟಿವಿ ಪರದೆ ನೋಡುವಾಗಿನದಕ್ಕಿಂತ ಕಷ್ಟವಾಯಿತು. ಎಳೆಯ ಮಗುವಿಗೆ ಕಂಡದ್ದಕ್ಕೂ ನಡೆದದ್ದಕ್ಕೂ ನಡುವಿನ ಗೆರೆ ಇನ್ನೂ ಗಟ್ಟಿಯಾಗಿರುವುದಿಲ್ಲ.

ಹಾಗಾಗಿ ನನ್ನ ಸಲಹೆ ಇಷ್ಟು. ಹತ್ತು ವರ್ಷದೊಳಗಿನವರಿಗೆ ಹವಾಮಾನದ ವಿಆರ್ ಬೇಡ. ಅವರಿಗೆ ಹೊಲ, ಕೆರೆ, ಮರ, ಹಕ್ಕಿ ಸಾಕು. ಹತ್ತರಿಂದ ಹನ್ನೆರಡರವರಿಗೆ ಕಾಡು, ಕಡಲು, ಹಿಮದಂಥ ಪ್ರಕೃತಿಯ ದೃಶ್ಯಗಳಿರಲಿ, ನೀವು ಜೊತೆಗಿರಿ. ಕಾಳ್ಗಿಚ್ಚು, ಪ್ರವಾಹ, ಬರಗಾಲದ ಸಂಕಟ ತೋರಿಸುವ ಸಾಕ್ಷ್ಯಚಿತ್ರಗಳನ್ನು ಹದಿಮೂರು ದಾಟಿದ ಮೇಲೆ, ಅದೂ ನೀವು ಮೊದಲೇ ನೋಡಿ ಒಪ್ಪಿದ ಮೇಲೆ ತೋರಿಸಿ.

ಕಣ್ಣು, ತಲೆ, ಕುತ್ತಿಗೆ

ನಿಜ ಜಗತ್ತಿನಲ್ಲಿ ಹತ್ತಿರದ ವಸ್ತು ನೋಡುವಾಗ ಎರಡೂ ಕಣ್ಣುಗಳು ಒಳಕ್ಕೆ ತಿರುಗುತ್ತವೆ, ಕಣ್ಣಿನ ಮಸೂರವೂ ಅದೇ ದೂರಕ್ಕೆ ಹೊಂದಿಕೊಳ್ಳುತ್ತದೆ. ವಿಆರ್ ಕನ್ನಡಕದಲ್ಲಿ ದೃಶ್ಯ ಹತ್ತಿರ ಬಂದರೂ ದೂರ ಸರಿದರೂ ಮಸೂರ ಹೊಂದಿಕೊಳ್ಳಬೇಕಾದ ದೂರ ಒಂದೇ. ಈ ಹೊಂದಾಣಿಕೆ ತಪ್ಪುವುದರಿಂದ ಕಣ್ಣು ದಣಿಯುತ್ತದೆ. ಮಕ್ಕಳಲ್ಲಿ ವರ್ಷಗಟ್ಟಲೆ ನಡೆದ ಅಧ್ಯಯನಗಳು ಇನ್ನೂ ಕಡಿಮೆ, ಆದ್ದರಿಂದ ಕಡಿಮೆ ಹೊತ್ತು ನೋಡುವುದೇ ಜಾಣತನ.

ಇನ್ನು ತಲೆಸುತ್ತು. ಕಣ್ಣು ‘ನಾನು ಚಲಿಸುತ್ತಿದ್ದೇನೆ’ ಎನ್ನುತ್ತದೆ, ಸಮತೋಲ ಕಾಯುವ ಒಳಕಿವಿ ‘ಇಲ್ಲ, ಕುಳಿತೇ ಇದ್ದೇನೆ’ ಎನ್ನುತ್ತದೆ. ಘಾಟಿ ರಸ್ತೆಯ ಬಸ್ಸಿನಲ್ಲಿ ವಾಂತಿ ಬರುವ ಮಕ್ಕಳಿಗೆ ಇಲ್ಲೂ ಬರುವ ಸಾಧ್ಯತೆ ಹೆಚ್ಚು. ಹಾರುವ, ಓಡುವ ದೃಶ್ಯಗಳಿಗಿಂತ ನಿಂತಲ್ಲೇ ಸುತ್ತ ನೋಡುವ ದೃಶ್ಯಗಳು ಇಂಥವರಿಗೆ ಒಳ್ಳೆಯದು. ಅನೇಕ ಕನ್ನಡಕಗಳು ಅರ್ಧ ಕಿಲೋದಷ್ಟು ತೂಗುತ್ತವೆ. ಎಳೆಯ ಕುತ್ತಿಗೆಗೆ ಅದು ಭಾರವೇ.

ಪಾಲಿಸಬೇಕಾದದ್ದು ಹೆಚ್ಚೇನಿಲ್ಲ:

- ಒಂದು ಸಲಕ್ಕೆ ಹತ್ತು ನಿಮಿಷ ಸಾಕು. ಆಮೇಲೆ ಕಿಟಕಿಯಾಚೆ ದೂರ ನೋಡಿ ಕಣ್ಣಿಗೆ ಬಿಡುವು ಕೊಡಲಿ.
- ಮಗು ಕುರ್ಚಿಯಲ್ಲಿ ಕೂತು ನೋಡಲಿ. ನಿಲ್ಲಲೇಬೇಕಾದರೆ ಸುತ್ತ ಮೇಜು, ಮೆಟ್ಟಿಲು, ಫ್ಯಾನಿನ ತಂತಿ ಇರದಿರಲಿ. ನೀವು ಕೈಗೆಟುಕುವಷ್ಟು ಹತ್ತಿರವಿರಿ.
- ತಲೆನೋವು, ವಾಕರಿಕೆ, ಬೆವರು, ಮಂಜುಗಣ್ಣು ಯಾವುದೇ ಕಂಡರೂ ಕೂಡಲೇ ತೆಗೆಯಿರಿ. ‘ಇನ್ನು ಸ್ವಲ್ಪ ತಡಿ’ ಎನ್ನಬೇಡಿ.
- ಮೂರ್ಛೆರೋಗ, ಮಾಲುಗಣ್ಣು, ದೃಷ್ಟಿದೋಷ ಇದ್ದರೆ ವೈದ್ಯರನ್ನು ಕೇಳದೆ ಹಾಕಿಸಬೇಡಿ.
- ಹಲವರು ಹಾಕಿದ ಕನ್ನಡಕವನ್ನು ಒರೆಸದೆ ಹಾಕಿಸಬೇಡಿ. ಮದ್ರಾಸ್ ಐ ಹರಡಿರುವ ದಿನಗಳಲ್ಲಿ ಬೇಡವೇ ಬೇಡ.

ಭಯ ಹುಟ್ಟಿದರೆ

ದೇಹದ ತೊಂದರೆ ಕನ್ನಡಕ ತೆಗೆದರೆ ಬಹುಮಟ್ಟಿಗೆ ಇಳಿಯುತ್ತದೆ. ಮನಸ್ಸಿನಲ್ಲಿ ಉಳಿದದ್ದಕ್ಕೆ ಹೆಚ್ಚು ಕಾಳಜಿ ಬೇಕು. ಸ್ಟ್ಯಾನ್‌ಫರ್ಡ್‌ನ ಪಾಠದ ಒಂದು ರೂಪದಲ್ಲಿ ನೋಡುಗ ತಾನೇ ಹವಳವಾಗುತ್ತಾನೆ. ಸುತ್ತಲಿನ ಜೀವಿಗಳು ಕಡಿಮೆಯಾಗುವುದನ್ನು, ತನ್ನ ಮೈಯೇ ಸವೆಯುವುದನ್ನು ನೋಡುತ್ತಾನೆ. ದೊಡ್ಡವರಿಗೇ ಅದು ತಟ್ಟುತ್ತದೆ. ಮೃದು ಮನಸ್ಸಿನ ಮಗುವಿಗೆ ಹೇಗಾದೀತೆಂದು ಊಹಿಸಿ.

ಈಗಾಗಲೇ ನಮ್ಮ ಮಕ್ಕಳು ನಿಶ್ಚಿಂತರಾಗೇನೂ ಇಲ್ಲ. 2021ರಲ್ಲಿ ‘ಲ್ಯಾನ್ಸೆಟ್ ಪ್ಲಾನೆಟರಿ ಹೆಲ್ತ್’ ಪತ್ರಿಕೆ ಪ್ರಕಟಿಸಿದ ಸಮೀಕ್ಷೆ ಭಾರತವೂ ಸೇರಿ ಹತ್ತು ದೇಶಗಳ 16ರಿಂದ 25 ವರ್ಷದ 10,000 ಯುವಜನರನ್ನು ಮಾತಾಡಿಸಿತ್ತು. ಅವರಲ್ಲಿ ಶೇ 59 ಜನ ಹವಾಮಾನ ಬದಲಾವಣೆಯ ಬಗ್ಗೆ ತೀವ್ರ ಅಥವಾ ಅತಿ ತೀವ್ರ ಚಿಂತೆಯಲ್ಲಿದ್ದರು. ಈ ಚಿಂತೆ ದಿನನಿತ್ಯದ ಬದುಕನ್ನೂ ಕಾಡುತ್ತದೆ ಎಂದವರು ಶೇ 45ಕ್ಕೂ ಹೆಚ್ಚು. ಕರ್ನಾಟಕದ ಮಕ್ಕಳಂತೂ 2018ರ ಕೊಡಗಿನ ಭೂಕುಸಿತ, 2019ರ ಉತ್ತರ ಕರ್ನಾಟಕದ ನೆರೆ, 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದ 2023ರ ಬರ, ಮರುವರ್ಷ ಬೆಂಗಳೂರಿನ ನೀರಿನ ತಾಪತ್ರಯ ಎಲ್ಲವನ್ನೂ ಕಂಡವರು. ನೆರೆಯಲ್ಲಿ ಮನೆ ಕಳೆದುಕೊಂಡ ಮಗುವಿಗೆ ವಿಆರ್‌ನಲ್ಲಿ ನೆರೆ ತೋರಿಸುವುದು ಅರಿವು ಮೂಡಿಸುವ ಕೆಲಸವಲ್ಲ. ಮಾಯುತ್ತಿರುವ ಗಾಯ ಕೆದಕಿದಂತೆ. ಶಾಲೆಗಳೂ ಇದನ್ನು ನೆನಪಿಡಬೇಕು.

ಸ್ವೀಡನ್ನಿನ ಮನಃಶಾಸ್ತ್ರಜ್ಞೆ ಮರಿಯಾ ಓಯಾಲಾ ಮಕ್ಕಳು ಈ ಚಿಂತೆಯನ್ನು ಹೇಗೆ ನಿಭಾಯಿಸುತ್ತಾರೆ ಎಂದು ಅಧ್ಯಯನ ಮಾಡಿದವರು. ಕೆಲವು ಮಕ್ಕಳು ‘ಅದೆಲ್ಲ ಉತ್ಪ್ರೇಕ್ಷೆ’ ಎಂದು ತಳ್ಳಿಹಾಕುತ್ತಾರೆ. ಕೆಲವರು ‘ನಾನೇ ಏನಾದರೂ ಮಾಡಬೇಕು’ ಎಂದು ಹೊರಡುತ್ತಾರೆ. ಇವರು ಚಟುವಟಿಕೆಯಿಂದಿದ್ದರೂ ಭಾರ ಹೊತ್ತು ಬಳಲುವ ಅಪಾಯವಿದೆ. ಇನ್ನು ಕೆಲವರು ‘ವಿಷಯ ಗಂಭೀರ, ಆದರೆ ಬಹಳ ಜನ ಇದಕ್ಕಾಗಿ ದುಡಿಯುತ್ತಿದ್ದಾರೆ, ದಾರಿಯಿದೆ’ ಎಂದು ನಂಬುತ್ತಾರೆ. ಈ ಮೂರನೆಯ ಬಗೆಯವರಲ್ಲಿ ಕಾಳಜಿಯೂ ಇರುತ್ತದೆ, ನೆಮ್ಮದಿಯೂ ಉಳಿಯುತ್ತದೆ.

ಆದ್ದರಿಂದ ಮಗು ‘ಭೂಮಿ ಮುಳುಗಿಹೋಗುತ್ತಾ ಅಮ್ಮಾ?’ ಎಂದು ಕೇಳಿದಾಗ ‘ಸುಮ್ನಿರು, ಏನೂ ಆಗಲ್ಲ’ ಎನ್ನಬೇಡಿ. ಅದು ನಿಜವಲ್ಲ, ಮಗುವಿಗೂ ಅದು ಗೊತ್ತಾಗುತ್ತದೆ. ‘ಎಲ್ಲ ಮುಗಿದುಹೋಯ್ತು’ ಎನ್ನಲೂಬೇಡಿ, ಅದೂ ನಿಜವಲ್ಲ. ‘ಸಮುದ್ರ ನಿಧಾನವಾಗಿ ಏರ್ತಾ ಇದೆ, ಭೂಮಿಯೆಲ್ಲ ಮುಳುಗಲ್ಲ. ಇದನ್ನ ತಡೆಯೋದಕ್ಕೆ ತುಂಬ ಜನ ಕೆಲಸ ಮಾಡ್ತಿದ್ದಾರೆ. ನಾವೂ ನಮ್ಮ ಕೈಲಾದದ್ದು ಮಾಡೋಣ. ನಿನಗೆ ಯಾವುದು ಹೆಚ್ಚು ಹೆದರಿಕೆ ಆಯ್ತು ಹೇಳು’ ಎಂದು ಕೇಳಿ. ಮಗು ಹೇಳಿಕೊಳ್ಳಲಿ. ನಡುವೆ ತಡೆಯಬೇಡಿ. ನಿದ್ದೆಗೆಡುವುದು, ಊಟ ಬಿಡುವುದು, ಶಾಲೆಗೆ ಹೋಗಲೊಲ್ಲೆ ಎನ್ನುವುದು ವಾರ ಮೀರಿ ಮುಂದುವರಿದರೆ ಮಕ್ಕಳ ವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿ.

ಮೊದಲು, ನಡುವೆ, ಆಮೇಲೆ

ನೋಡುವ ಮೊದಲು ಐದು ನಿಮಿಷ ಮಾತಾಡಿ. ಎಲ್ಲಿಗೆ ಹೋಗುತ್ತೇವೆ, ಏನು ಹುಡುಕಬೇಕು ಎಂದು ಹೇಳಿ. ‘ಗುಳ್ಳೆ ಇರುವ ಕಡೆ ಏನೇನು ಕಡಿಮೆ ಇದೆ, ಎಣಿಸಿಕೊಂಡು ಬಾ’ ಎಂಬಂಥ ಒಂದೇ ಒಂದು ಕೆಲಸ ಕೊಟ್ಟರೆ ಸಾಕು, ಕಣ್ಣಿಗೆ ಗುರಿ ಸಿಗುತ್ತದೆ. ‘ಇಷ್ಟವಾಗದಿದ್ದರೆ ಕಣ್ಣು ಮುಚ್ಚು, ಕೈ ಎತ್ತು, ನಾನು ತೆಗೀತೀನಿ’ ಎಂದು ಭರವಸೆ ಕೊಡಿ.

ನಡುವೆ ಮೌನವಾಗಿರಿ, ಹತ್ತಿರವಿರಿ. ಮಗು ಕಂಡದ್ದನ್ನು ಜೋರಾಗಿ ಹೇಳುತ್ತಿದ್ದರೆ ಹೇಳಲಿ. ದೀರ್ಘ ಚಿತ್ರವಾದರೆ ಅರ್ಧಕ್ಕೆ ನಿಲ್ಲಿಸಿ, ಕಂಡದ್ದನ್ನು ಹೇಳಿಸಿ, ಮುಂದುವರಿಸಿ.

ನಿಜವಾದ ಪಾಠ ಆಮೇಲೆ. ಮೊದಲು ಮಗುವಿನ ಮಾತು: ಏನು ಕಂಡೆ, ಏಕೆ ಹಾಗಾಯಿತು, ಯಾವುದು ಅರ್ಥವಾಗಲಿಲ್ಲ? ಆಮೇಲೆ ನಿಜಕ್ಕೂ ನಿರ್ಮಿತಿಗೂ ನಡುವಿನ ವ್ಯತ್ಯಾಸ. ಇಸ್ಕಿಯಾದ ಕಡಲತಳ ನಿಜ, ಆದರೆ ಕಂಡದ್ದು ಕಂಪ್ಯೂಟರ್ ಕಟ್ಟಿದ ಚಿತ್ರ. ವರ್ಷಗಳ ಬದಲಾವಣೆಯನ್ನು ನಿಮಿಷಗಳಲ್ಲಿ ತೋರಿಸಿದ್ದಾರೆ. ಇದನ್ನು ಬಾಯಿಬಿಟ್ಟು ಹೇಳದಿದ್ದರೆ ನಾಳೆಯೇ ಹವಳವೆಲ್ಲ ಕರಗುತ್ತದೆಂದು ಮಗು ತಿಳಿಯಬಹುದು.

ಸಾಮಾನ್ಯವಾಗಿ ಆಗುವ ಎರಡು ಗೊಂದಲಗಳನ್ನೂ ಬಿಡಿಸಿ. ಹವಳ ಬಿಳುಚುವುದು ಮುಖ್ಯವಾಗಿ ನೀರು ಬಿಸಿಯಾಗುವುದರಿಂದ. ಕವಚ ಕಟ್ಟಲು ತೊಡಕಾಗುವುದು ಆಮ್ಲೀಕರಣದಿಂದ. ಲಕ್ಷದ್ವೀಪದ ಹವಳಗಳು 1998, 2010, 2016 ಮತ್ತು 2024ರಲ್ಲಿ ಬಿಳುಚಿದ್ದು ಬಿಸಿಯಿಂದ. ಎರಡಕ್ಕೂ ಮೂಲ ಒಂದೇ ಅನಿಲ, ದಾರಿ ಬೇರೆ. ಇನ್ನೊಂದು, ಒಂದು ದಿನದ ಜೋರು ಮಳೆಯಾಗಲಿ ಒಂದು ವರ್ಷದ ಬರವಾಗಲಿ ತಾನೊಂದೇ ಹವಾಮಾನ ಬದಲಾವಣೆಗೆ ಪುರಾವೆಯಲ್ಲ. 2023ರ ಬರಕ್ಕೆ ಆ ವರ್ಷದ ಎಲ್ ನಿನೊ (ಪೆಸಿಫಿಕ್ ಸಾಗರದ ನೀರು ಬಿಸಿಯೇರುವ ವಿದ್ಯಮಾನ) ಕೂಡ ಕಾರಣವಾಗಿತ್ತು. ವಿಜ್ಞಾನಿಗಳು ಮೂವತ್ತು ವರ್ಷಗಳ ಸರಾಸರಿ ನೋಡುತ್ತಾರೆ. ಇಷ್ಟು ಎಚ್ಚರ ಕಲಿತ ಮಗು ನಾಳೆ ವಾಟ್ಸ್ಆ್ಯಪ್ ಸುದ್ದಿಗೆ ಮರುಳಾಗದು.

ಕನ್ನಡಕ ಇಲ್ಲದಿದ್ದರೂ ನಡೆಯುತ್ತದೆ

ಹವಾಮಾನದ ಪಾಠಕ್ಕೆಂದು ಸಾವಿರಾರು ರೂಪಾಯಿಯ ಕನ್ನಡಕ ಕೊಳ್ಳುವ ಅಗತ್ಯವಿಲ್ಲ. ಸಾಧನ ತಯಾರಿಸಲೂ ವಿದ್ಯುತ್, ಲೋಹ, ಪ್ಲಾಸ್ಟಿಕ್ ಬೇಕು. ಬೀರುವಿನಲ್ಲಿ ಧೂಳು ತಿನ್ನುವ ಸಾಧನದಿಂದ ಪರಿಸರಕ್ಕೂ ನಷ್ಟ. ಯೂಟ್ಯೂಬ್‌ನಲ್ಲಿರುವ 360 ಡಿಗ್ರಿ ವಿಡಿಯೊಗಳನ್ನು ಮೊಬೈಲಿನಲ್ಲೇ ಸುತ್ತ ತಿರುಗಿಸಿ ನೋಡಬಹುದು. ಅನುಭವ ಅಷ್ಟು ಗಾಢವಾಗಿರದಿದ್ದರೂ ಕಣ್ಣಿಗೆ ಹಗುರ, ಮನೆಮಂದಿಯೆಲ್ಲ ಒಟ್ಟಿಗೆ ನೋಡಬಹುದು.

ನೋಡಿದ ಮೇಲೆ ಅಡುಗೆಮನೆಯಲ್ಲೇ ಒಂದು ಪ್ರಯೋಗ ಮಾಡಿ. ಗಾಜಿನ ಲೋಟದಲ್ಲಿ ವಿನೆಗರ್ ಸುರಿದು ಹಸಿ ಮೊಟ್ಟೆ ಇಡಿ. ಮೊಟ್ಟೆ ತರದ ಮನೆಯಾದರೆ ಕಡಲತೀರದಿಂದ ತಂದ ಕಪ್ಪೆಚಿಪ್ಪು ಆಗುತ್ತದೆ. ಮೊಟ್ಟೆಯ ಸಿಪ್ಪೆಯೂ ಕಪ್ಪೆಚಿಪ್ಪೂ ಕ್ಯಾಲ್ಸಿಯಂ ಕಾರ್ಬೊನೇಟ್. ಆಮ್ಲ ತಾಗಿದೊಡನೆ ಗುಳ್ಳೆ ಏಳುತ್ತದೆ. ಮರುದಿನದ ಹೊತ್ತಿಗೆ ಮೊಟ್ಟೆಯ ಸಿಪ್ಪೆ ಮೆತ್ತಗಾಗಿರುತ್ತದೆ. ಕೆಂಪು ದಾಸವಾಳವನ್ನು ಬಿಸಿನೀರಿನಲ್ಲಿ ನೆನೆಸಿ ಸೋಸಿದರೆ ಬಣ್ಣದ ಸೂಚಕ ಸಿದ್ಧ: ನಿಂಬೆರಸ ಹಾಕಿದರೆ ಕೆಂಪೇರುತ್ತದೆ, ಅಡುಗೆ ಸೋಡ ಹಾಕಿದರೆ ಹಸಿರಿಗೆ ತಿರುಗುತ್ತದೆ. ಪ್ರಯೋಗ ಮುಗಿದ ಮೇಲೆ ಒಂದು ಮಾತು ಸೇರಿಸಿ: ಕಡಲು ವಿನೆಗರ್ ಆಗಿಲ್ಲ, ಈಗಲೂ ಅದು ಪ್ರತ್ಯಾಮ್ಲೀಯವೇ. ಆದರೆ ಆಮ್ಲದ ದಿಕ್ಕಿಗೆ ಸರಿಯುತ್ತಿದೆ, ಅಷ್ಟು ಸರಿದರೂ ಚಿಪ್ಪಿನ ಜೀವಿಗಳಿಗೆ ಕಷ್ಟ.

ಸಾಧ್ಯವಾದರೆ ನಮ್ಮದೇ ಕರಾವಳಿಗೆ ಕರೆದೊಯ್ಯಿರಿ. ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ. ಕುಮಟಾದ ಅಘನಾಶಿನಿ ಅಳಿವೆಯಲ್ಲಿ ಬಳಚು ಎಂಬ ಚಿಪ್ಪಿನ ಜೀವಿಯನ್ನು ಹೆಕ್ಕಿ ಬದುಕುವ ಕುಟುಂಬಗಳಿವೆ. ಇಳಿತದ ಹೊತ್ತಿನಲ್ಲಿ ಅವರು ಹೆಕ್ಕುವುದನ್ನು ನೋಡಿದ ಮಗುವಿಗೆ, ಚಿಪ್ಪಿನ ಜೀವಿಗಳ ಅಳಿವು-ಉಳಿವು ಯಾರ ಅನ್ನದ ಪ್ರಶ್ನೆ ಎಂದು ಬೇರೆ ಹೇಳಬೇಕಾಗಿಲ್ಲ.

ಕೊನೆಗೆ ಒಂದು ಕೆಲಸ. ಚಿಂತೆ ಕೈಗೆ ಇಳಿದರೆ ಹಗುರವಾಗುತ್ತದೆ. ತಿಂಗಳ ಕರೆಂಟ್ ಬಿಲ್ಲಿನ ಯೂನಿಟ್ ಬರೆದಿಡುವುದು, ಮಳೆಯ ಪ್ರಮಾಣ ಅಳೆಯುವುದು, ಹತ್ತಿರದ ದೂರಕ್ಕೆ ನಡೆದುಹೋಗುವುದು, ಅನ್ನ ಚೆಲ್ಲದಿರುವುದು ಇವುಗಳಲ್ಲಿ ಒಂದನ್ನು ಮಗುವೇ ಆರಿಸಲಿ, ಮನೆಯವರೆಲ್ಲ ಪಾಲಿಸಲಿ. ಇಡೀ ಲೋಕ ಉಳಿಸುವ ಹೊಣೆ ಮಾತ್ರ ಅದರ ಹೆಗಲಿಗೆ ಬೇಡ. ದೊಡ್ಡ ತೀರ್ಮಾನಗಳು ಸರ್ಕಾರಗಳದ್ದು, ಉದ್ದಿಮೆಗಳದ್ದು, ಮತ ಹಾಕುವ ನಮ್ಮದು. ಮಕ್ಕಳ ಮಾತಿಗೂ ಬೆಲೆಯಿದೆ ಎಂಬುದು ಬೇರೆ. ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 10ರಿಂದ 14 ವರ್ಷದ ಮಕ್ಕಳು ಶಾಲೆಯಲ್ಲಿ ಕಲಿತ ಹವಾಮಾನದ ಪಾಠದಿಂದಾಗಿ ಅವರ ತಂದೆತಾಯಿಯರ ಕಾಳಜಿಯೂ ಹೆಚ್ಚಿತು. ಹೆಣ್ಣುಮಕ್ಕಳ ಮಾತು ಇನ್ನೂ ಹೆಚ್ಚು ತಾಗಿತ್ತು.

ಶಾಲೆಗೆ ಕೇಳಿ

ಶಾಲೆಯಲ್ಲಿ ವಿಆರ್ ಕಾರ್ಯಕ್ರಮವಿದ್ದರೆ ಒಪ್ಪಿಗೆ ಪತ್ರಕ್ಕೆ ಸಹಿ ಮಾಡುವ ಮುನ್ನ ಕೇಳಿ: ಯಾವ ಚಿತ್ರ ತೋರಿಸುತ್ತೀರಿ, ಎಷ್ಟು ಹೊತ್ತು? ಆ ವಿಷಯ ತರಗತಿಯಲ್ಲಿ ಆಗಿದೆಯೇ, ನೋಡಿದ ಮೇಲೆ ಚರ್ಚೆಯಿದೆಯೇ? ಬೇಡವೆಂದ ಮಗುವಿಗೆ ಬೇರೆ ಏನು ವ್ಯವಸ್ಥೆ? ಕನ್ನಡಕ ಶುಚಿ ಮಾಡುವವರು ಯಾರು? ಮಗುವಿನ ಹೆಸರಿನಲ್ಲಿ ಖಾತೆ ತೆರೆಯುತ್ತೀರಾ? ಈ ಸಾಧನಗಳು ತಲೆ, ಕೈಗಳ ಚಲನೆಯನ್ನು ದಾಖಲಿಸಿಕೊಳ್ಳಬಲ್ಲವು. 18 ವರ್ಷದೊಳಗಿನವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಕೇಳುವುದು ನಿಮ್ಮ ಹಕ್ಕು, ಒಳ್ಳೆಯ ಶಾಲೆ ಬೇಸರಪಡುವುದಿಲ್ಲ.

ವಿಆರ್ ಬಗ್ಗೆ ಮೋಹವೂ ಬೇಡ, ಹೆದರಿಕೆಯೂ ಬೇಡ. ಸರಿಯಾದ ವಯಸ್ಸಿನಲ್ಲಿ, ಕಡಿಮೆ ಹೊತ್ತು, ಒಳ್ಳೆಯ ಚಿತ್ರ ಆರಿಸಿ ತೋರಿಸಿದರೆ ಅದು ಹವಾಮಾನ ಬದಲಾವಣೆಯನ್ನು ಮಗುವಿನ ಮನಸ್ಸಿಗೆ ತಾಗಿಸುವ ಒಳ್ಳೆಯ ಸಾಧನ. ತಾಗಿದ್ದನ್ನು ಅರಿವಾಗಿ ಬೆಳೆಸುವ ಕೆಲಸ ಪೋಷಕರದ್ದು, ಶಿಕ್ಷಕರದ್ದು. ನಿಮ್ಮ ಮಗು ಕನ್ನಡಕ ತೆಗೆದ ದಿನ ಅರ್ಧ ಗಂಟೆ ಮೊಬೈಲ್ ಬದಿಗಿಟ್ಟು ಅದರ ಮಾತು ಕೇಳಿ, ಗೊತ್ತಿಲ್ಲದ್ದನ್ನು ಇಬ್ಬರೂ ಸೇರಿ ಹುಡುಕಿ.